ಕಣಗಿಲೆ ಗಿಡದ ಹಸಿರು ಹುಳು



ಕಳೆದ ಮಳೆಗಾಲ ಬೆಳಗಾವಿಯ ನಮ್ಮ ಹಿತ್ತಲಿನ ಕಣಗಿಲೆ ಗಿಡದಲ್ಲಿ ಬೆರಳುದ್ದದ ಹಸಿರು ಹುಳು ಕಂಡಿತು. ತಲೆಯ ಹತ್ತಿರ ಎರಡು ನೀಲಿ ಕಣ್ಣು, ಬಾಲಕ್ಕೆ ಸಣ್ಣ ಕೊಂಬು. ಅವ್ವ ಹೆದರಿ, "ಔಷಧ ಹೊಡದಬಿಡು" ಅಂದಳು. "ಮೊದಲ ಏನಂತ ನೋಡೂಣು ತಡಿ" ಅಂದೆ.

ಫೋಟೊ ನೋಡಿ ಫೋನು ಎರಡು-ಮೂರು ಹೆಸರು ಹೇಳಿತು. ತಿನ್ನುವ ಗಿಡ ಯಾವುದೆಂದು ನೋಡಿದಾಗ ಒಂದೇ ಉಳಿಯಿತು: ಡ್ಯಾಫ್ನಿಸ್ ನೇರಿಯೈ. ಕಣಗಿಲೆಯ ಶಾಸ್ತ್ರೀಯ ಹೆಸರು ನೇರಿಯಮ್. ಅದರಿಂದಲೇ ಲಿನೇಯಸ್ 1758ರಲ್ಲಿ ಈ ಪತಂಗಕ್ಕೆ ಹೆಸರಿಟ್ಟ. ನಮಗೂ ದನಗಳಿಗೂ ವಿಷವಾದ ಎಲೆಯೇ ಅದರ ಊಟ. ಆ ನೀಲಿ ಕಣ್ಣು ಹಕ್ಕಿಗಳನ್ನು ಬೆದರಿಸುವ ಬರೀ ಚುಕ್ಕೆ. ಕೊಂಬು ಚುಚ್ಚುವುದಿಲ್ಲ, ಮೈ ಮುಟ್ಟಿದರೆ ತುರಿಸುವುದಿಲ್ಲ.

ಹುಳು ಕಂದಾಗಿ ಕೆಳಗಿಳಿದು ತರಗೆಲೆಯಡಿ ಸೇರಿತು. ಕೆಲವು ವಾರಗಳ ಮೇಲೆ ಪಡಸಾಲೆಯ ದೀಪಕ್ಕೆ ಪತಂಗ ಬಂತು. ಹಸಿರು ರೆಕ್ಕೆ, ಅದರ ಮೇಲೆ ಗುಲಾಬಿ, ಬಿಳಿ ಅಲೆಗಳು. ಅವ್ವ ದೀಪ ಆರಿಸಿದಳು, ಅದು ಹಾರಿಹೋಗಲೆಂದು.

ಖಾನಾಪುರದ ಇದೇ ಶಾಲೆಯಂಗಳದಲ್ಲಿ ಇಂಥ ಎಷ್ಟು ಹುಳುಗಳನ್ನು ನಾವು ಕೋಲಿನಿಂದ ಹೊಸಕಿದ್ದೇವೋ! ಮಕ್ಕಳೇ, ನಂದಿಬಟ್ಟಲ ಗಿಡದಲ್ಲೂ ಇದು ಸಿಗುತ್ತದೆ. ಕೋಲು ಬಿಟ್ಟು ನೋಟ್‌ಬುಕ್ ಹಿಡಿದು ಹೋಗಿ.