ಬೀಗ, ರಿಮೋಟ್ ಮತ್ತು ನಮ್ಮ ಎಚ್ಚರ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಸಭೆಯಲ್ಲಿ ಮುಖ್ಯೋಪಾಧ್ಯಾಯನಾದವನು ವಿದ್ಯೆ, ವಿನಯ, ಶಿಸ್ತುಗಳ ವಿಷಯವಾಗಿ ನಾಲ್ಕು ಹಿತವಚನಗಳನ್ನು ಹೇಳುವುದು ವಾಡಿಕೆ. ನಾನು ಇಂದು ಕಾರಿನ ಬೀಗವನ್ನು ಕುರಿತು ಮಾತನಾಡಹೊರಟಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಮಂತ್ರಾಲಯಕ್ಕೂ ರಾಯಚೂರಿಗೂ ನಡುವಣ ದಾರಿಯಲ್ಲಿರುವ ನಮ್ಮ ಮಾಧವರಂನ ಮಕ್ಕಳಿಗೆ ಕಾರು ಅಪರೂಪದ ವಸ್ತುವಲ್ಲ. ರಾಯರ ದರ್ಶನಕ್ಕೆ ಬರುವ ಯಾತ್ರಿಕರ ವಾಹನಗಳನ್ನು ಅವರು ದಿನವೂ ನೋಡುತ್ತಾರೆ. ಪೋಷಕರಲ್ಲಿ ಕೆಲವರು ಹಳೆಯ ಕಾರನ್ನು ಕೊಂಡು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುತ್ತಾರೆ. ಅಂಥ ಕಾರು ಅವರಿಗೆ ಬರಿಯ ವಾಹನವಲ್ಲ. ಮನೆಯ ಅನ್ನದ ಬಟ್ಟಲು. ಅದನ್ನು ಕಾಯ್ದುಕೊಳ್ಳಲು ಅದರ ಕೈಬೀಗಗಳಿಗೆ ರಿಮೋಟನ್ನೂ ಸೈರನ್ನನ್ನೂ ಜೋಡಿಸಬೇಕೆಂದು ಅವರು ಬಯಸುವುದು ಸಹಜವೇ ಆಗಿದೆ. ಆ ಜೋಡಣೆಯಿಂದ ನಮಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವಿಚಾರಮಾಡುವುದೇ ಇಂದಿನ ನನ್ನ ಉದ್ದೇಶ.

ನಾವು ಬೀಗವೆನ್ನುತ್ತೇವೆ, ನೆರೆಯ ತೆಲುಗರು ಬೀಗಂ ಎನ್ನುತ್ತಾರೆ, ಹೊಳೆಯಾಚೆಯ ರಾಯಚೂರು ಸೀಮೆಯವರು ಕೀಲಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಬೀಗದ ತತ್ತ್ವ ಒಂದೇ: ಅದರ ಬಲವಿರುವುದು ಕಬ್ಬಿಣದಲ್ಲಲ್ಲ, ಗುಟ್ಟಿನಲ್ಲಿ. ಇದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು 1784ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಹಕ್ಕುಪತ್ರ ಪಡೆದನು. ಆತನು ಅಂಥ ಒಂದು ಬೀಗವನ್ನು ತನ್ನ ಲಂಡನ್ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿಸಿ, ಇದನ್ನು ತೆರೆಯಬಲ್ಲ ಸಾಧನವನ್ನು ಮಾಡಿದವರಿಗೆ 200 ಗಿನಿಗಳ ಬಹುಮಾನವೆಂದು ಸಾರಿದನು. ಅರುವತ್ತು ವರ್ಷಗಳಿಗೂ ಹೆಚ್ಚುಕಾಲ ಆ ಹಣವನ್ನು ಗೆಲ್ಲುವವರು ಬರಲಿಲ್ಲ. ಕೊನೆಗೆ 1851ರಲ್ಲಿ ಹಾಬ್ಸ್ ಎಂಬ ಅಮೆರಿಕದ ಕುಶಲಿಯು ಹದಿನಾರು ದಿನಗಳಲ್ಲಿ ಒಟ್ಟು ಸುಮಾರು 51 ಗಂಟೆ ಶ್ರಮಿಸಿ ಅದನ್ನು ತೆರೆದನು. ಅವನು ಸುತ್ತಿಗೆಯನ್ನು ಎತ್ತಲಿಲ್ಲ; ಗುಟ್ಟನ್ನು ಅರಿತನು. ನಮ್ಮ ದೇಶದಲ್ಲಿ ಆರ್ದೇಶಿರ್ ಗೋದ್ರೇಜರು 1897ರಲ್ಲಿ ಮುಂಬಯಿಯಲ್ಲಿ ಬೀಗದ ಕೈಗಾರಿಕೆಯನ್ನು ಆರಂಭಿಸಿದರು. ಉತ್ತರದ ಅಲಿಗಢವೂ ತಮಿಳುನಾಡಿನ ದಿಂಡಿಗಲ್ಲೂ ಬೀಗಗಳಿಗೆ ಇಂದಿಗೂ ಹೆಸರುವಾಸಿಯಾಗಿವೆ.

ಇನ್ನು ಕಾರಿನ ಮಾತು. 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್, 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ 800 ಇವೆಲ್ಲವೂ ಹೆಚ್ಚಾಗಿ ಕೈಬೀಗದ ಕಾರುಗಳೇ. ಇಂಥ ಬೀಗದ ಒಳಗೆ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿ ನಿಂತಿರುತ್ತವೆ. ತಕ್ಕ ಬೀಗದಕೈ ಒಳಹೊಕ್ಕಾಗ ಅದರ ಏರುತಗ್ಗುಗಳಿಗೆ ತಕ್ಕಂತೆ ಬಿಲ್ಲೆಗಳೆಲ್ಲವೂ ಒಂದೇ ಮಟ್ಟಕ್ಕೆ ಬಂದು ಬೀಗ ತಿರುಗುತ್ತದೆ. ಬಾಗಿಲಿನ ಒಳಗಡೆ ಒಂದು ಸರಳು ಆ ತಿರುವನ್ನು ಅಗುಳಿಯವರೆಗೆ ಒಯ್ಯುತ್ತದೆ. ನಾವು ಕಿಟಕಿಯ ಬಳಿ ಒತ್ತಿ ಎತ್ತುವ ಗುಂಡಿಯು ಅದೇ ಸರಳಿಗೆ ಸೇರಿದುದು.

ಹೊಸ ಜೋಡಣೆಯಲ್ಲಿ ಈ ಸರಳನ್ನು ತೆಗೆಯುವುದಿಲ್ಲ. ಅದಕ್ಕೆ ಒಬ್ಬ ಸೇವಕನನ್ನು ನೇಮಿಸುತ್ತಾರೆ, ಅಷ್ಟೆ. ಪ್ರತಿಯೊಂದು ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿ, ಕಾರಿನ 12 ವೋಲ್ಟಿನ ವಿದ್ಯುತ್ತಿನಿಂದ ನಡೆಯುವ ಪುಟ್ಟ ಮೋಟಾರೊಂದನ್ನು ಕೂಡಿಸಿ, ಅದರ ಕಡ್ಡಿಯನ್ನು ಹಳೆಯ ಸರಳಿಗೆ ಬಿಗಿಯುತ್ತಾರೆ. ಮೋಟಾರಿಗೆ ಕೊಡುವ ವಿದ್ಯುತ್ತಿನ ಧನ ಋಣಗಳನ್ನು ಅದಲುಬದಲು ಮಾಡಿದರೆ ಅದು ವಿರುದ್ಧ ದಿಕ್ಕಿಗೆ ತಿರುಗುತ್ತದೆಂಬುದನ್ನು ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಒಂದು ದಿಕ್ಕಿಗೆ ತಿರುಗಿದರೆ ಬೀಗ ಬೀಳುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿದರೆ ತೆರೆಯುತ್ತದೆ. ಚಾಲಕನ ಬಾಗಿಲಿನ ಮೋಟಾರಿಗೆ ಸಾಮಾನ್ಯವಾಗಿ ಐದು ತಂತಿಗಳು, ಉಳಿದವಕ್ಕೆ ಎರಡೆರಡು. ಚಾಲಕನು ತನ್ನ ಗುಂಡಿಯನ್ನು ಒತ್ತಿದನೋ ಎತ್ತಿದನೋ ಎಂಬ ವರ್ತಮಾನವನ್ನು ಆ ಹೆಚ್ಚಿನ ಮೂರು ತಂತಿಗಳು ನಡುವಣ ಪೆಟ್ಟಿಗೆಗೆ ಮುಟ್ಟಿಸುತ್ತವೆ. ಆಗ ಮಿಕ್ಕ ಬಾಗಿಲುಗಳೂ ಅದನ್ನೇ ಅನುಸರಿಸುತ್ತವೆ. ಇದೇ ಸೆಂಟ್ರಲ್ ಲಾಕ್.

ದೂರದಿಂದಲೇ ಬಾಗಿಲು ತೆರೆಯುವ ಸೌಕರ್ಯವನ್ನು 1982ರಲ್ಲಿ ಫ್ರಾನ್ಸಿನ ರೆನಾಲ್ಟ್ ಕಂಪನಿಯು ತನ್ನ ಫ್ಯುಯೆಗೋ ಕಾರಿನಲ್ಲಿ ತಂದಿತು. ಅದು ಕಣ್ಣಿಗೆ ಕಾಣದ ಬೆಳಕಿನಿಂದ ನಡೆಯುತ್ತಿತ್ತು. ಈಗಿನ ರಿಮೋಟುಗಳು ರೇಡಿಯೋ ತರಂಗಗಳಿಂದ, ನಮ್ಮ ದೇಶದಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಸುಮಾರಿನಲ್ಲಿ ನಡೆಯುತ್ತವೆ. ಗುಂಡಿಯನ್ನು ಒತ್ತಿದಾಗ ರಿಮೋಟು ಒಂದು ಸಂಖ್ಯೆಯನ್ನು ಗಾಳಿಗೆ ಬಿಡುತ್ತದೆ. ಕಾರಿನೊಳಗಿನ ಪೆಟ್ಟಿಗೆಯು ಅದನ್ನು ಕೇಳಿ, ತನ್ನದೆಂದು ಗುರುತಿಸಿದರೆ ಬಾಗಿಲು ತೆರೆಯುತ್ತದೆ.

ಗಾಳಿಗೆ ಬಿಟ್ಟ ಸಂಖ್ಯೆಯನ್ನು ಕಳ್ಳನೂ ಕದ್ದು ಕೇಳಬಹುದಲ್ಲವೆ? ಹೌದು. ಅಗ್ಗದ ಕೆಲವು ಸಾಧನಗಳು ಪ್ರತಿಸಲವೂ ಒಂದೇ ಸಂಖ್ಯೆಯನ್ನು ಉಚ್ಚರಿಸುತ್ತವೆ. ಅದನ್ನು ಒಮ್ಮೆ ಹಿಡಿದಿಟ್ಟುಕೊಂಡವನು ಮರುದಿನ ಅದನ್ನೇ ನುಡಿದು ಬಾಗಿಲು ತೆರೆಯಬಲ್ಲನು. ಒಳ್ಳೆಯ ಸಾಧನಗಳಲ್ಲಿ ಸಂಖ್ಯೆಯು ಪ್ರತಿಸಲವೂ ಬದಲಾಗುತ್ತದೆ. ಇಬ್ಬರು ಗೆಳೆಯರು ಒಂದೇ ಬಗೆಯ ಗುಟ್ಟಿನ ಪುಸ್ತಕವನ್ನು ಇಟ್ಟುಕೊಂಡಿದ್ದಾರೆಂದು ತಿಳಿಯಿರಿ. ಇಂದು ಮೊದಲನೆಯ ಪುಟದ ಸಂಖ್ಯೆ, ನಾಳೆ ಎರಡನೆಯ ಪುಟದ್ದು. ಒಮ್ಮೆ ಬಳಸಿದ ಪುಟವನ್ನು ಇಬ್ಬರೂ ಹರಿದುಹಾಕುತ್ತಾರೆ. ಕದ್ದು ಕೇಳಿದವನ ಕೈಗೆ ಸಿಕ್ಕುವುದು ಹರಿದ ಪುಟ. ಮನೆಯಲ್ಲಿ ಮಗುವು ರಿಮೋಟನ್ನು ಸುಮ್ಮನೆ ಒತ್ತಿ ಆಡಿದರೆ ರಿಮೋಟಿನ ಪುಟಗಳು ಮುಂದೆ ಹೋಗುತ್ತವೆ. ನಾಲ್ಕಾರು ಪುಟ ಮುಂದೆ ಹೋದರೆ ಕಾರು ಅದನ್ನು ಒಪ್ಪಿಕೊಳ್ಳುತ್ತದೆ. ಬಹುದೂರ ಹೋದರೆ ಒಪ್ಪುವುದಿಲ್ಲ, ಎರಡನ್ನೂ ಮತ್ತೆ ಪರಿಚಯ ಮಾಡಿಸಬೇಕಾಗುತ್ತದೆ. ಆದಕಾರಣ ಕೊಳ್ಳುವಾಗ ಸಂಖ್ಯೆ ಬದಲಾಗುವ ಸಾಧನವೇ ಎಂದು ಅಂಗಡಿಯವರನ್ನು ಕೇಳಿ ತಿಳಿಯಬೇಕು.

ಇದೂ ಅಭೇದ್ಯವಾದ ಕೋಟೆಯಲ್ಲ. ನಾವು ಗುಂಡಿಯನ್ನು ಒತ್ತುವ ಹೊತ್ತಿಗೇ ಸಮೀಪದಲ್ಲಿದ್ದವನು ಬೇರೆ ತರಂಗಗಳಿಂದ ಗದ್ದಲವೆಬ್ಬಿಸಿದರೆ ಕಾರಿಗೆ ನಮ್ಮ ಮಾತು ಕೇಳಿಸದು; ಬಾಗಿಲು ತೆರೆದೇ ಉಳಿಯುತ್ತದೆ. ಗುಂಡಿಯನ್ನೂ ಒತ್ತದೆ ಬರಿಯ ಸಮೀಪಕ್ಕೆ ಬಂದರೆ ತೆರೆಯುವ ಕಾರುಗಳು ಈಗ ಬಂದಿವೆ. 2011ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಸಂಶೋಧಕರು ಎಂಟು ಕಂಪನಿಗಳ ಅಂಥ ಹತ್ತು ಕಾರುಗಳನ್ನು ಪರೀಕ್ಷಿಸಿ, ಕಾರಿನ ತರಂಗವನ್ನು ದೂರದಲ್ಲಿರುವ ಬೀಗದಕೈಯವರೆಗೆ ಸಾಗಿಸಿ ಬಾಗಿಲು ತೆರೆಯಬಹುದೆಂದು ತೋರಿಸಿದರು. ಬ್ರಾಮಾನ ಬೀಗಕ್ಕೆ ಹಾಬ್ಸನು ದೊರೆತಂತೆ ಪ್ರತಿಯೊಂದು ಗುಟ್ಟಿಗೂ ಅದನ್ನು ಅರಿಯುವವನು ಎಂದಾದರೂ ದೊರೆಯುತ್ತಾನೆ. ಆದುದರಿಂದ ರಿಮೋಟನ್ನು ಒತ್ತಿದ ಮೇಲೂ ಹಿಡಿಕೆಯನ್ನು ಒಮ್ಮೆ ಕೈಯಿಂದ ಎಳೆದು ನೋಡುವ ಅಭ್ಯಾಸವಿರಲಿ. ಅದಕ್ಕೆ ಕಾಸೂ ಬೇಕಿಲ್ಲ, ಕರೆಂಟೂ ಬೇಕಿಲ್ಲ.

ಸೈರನ್ನಿನ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಕಾರು ಅಲುಗಿದುದನ್ನು ಅರಿಯುವ ಒಂದು ಪುಟ್ಟ ಸಾಧನವು ಸೈರನ್ನನ್ನು ಕೂಗಿಸುತ್ತದೆ. ಅದರ ಸೂಕ್ಷ್ಮತೆಯನ್ನು ಅತಿಯಾಗಿ ಏರಿಸಿದರೆ ಹತ್ತಿಯ ಲಾರಿ ಹಾದುಹೋದರೂ ಮೇಕೆ ಮೈ ಉಜ್ಜಿದರೂ ಗುಡುಗು ಗುಡುಗಿದರೂ ಕಾರು ಬೊಬ್ಬೆಯಿಡುತ್ತದೆ. "ತೋಳ ಬಂತು ತೋಳ" ಎಂದು ಸುಳ್ಳು ಕೂಗಿದ ಹುಡುಗನ ಕಥೆಯನ್ನು ಬಲ್ಲ ನಮ್ಮ ಮಕ್ಕಳಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈರನ್ನು ಕಳ್ಳನನ್ನು ಹಿಡಿಯುವುದಿಲ್ಲ, ನೆರೆಯವರನ್ನು ಕರೆಯುತ್ತದೆ. ನೆರೆಯವರು ಹೊರಗೆ ಬಾರದಿದ್ದರೆ ಅದು ಬರಿಯ ಗದ್ದಲ. ಕೂಗುವ ಸೈರನ್ನಿಗಿಂತ ಎಂಜಿನನ್ನೇ ಚಾಲೂ ಆಗಗೊಡದ ಸಾಧನವು ಹೆಚ್ಚು ನಂಬಿಕೆಗೆ ಅರ್ಹವಾದುದು. ಯುರೋಪಿನ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಅದನ್ನು ಕಡ್ಡಾಯಮಾಡಿದ್ದಾರೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ಎಚ್ಚರವಾಗಿ ಕಾದುಕೊಂಡಿರುವ ಈ ಪೆಟ್ಟಿಗೆಯು ಸದಾ 20 ಮಿಲಿಆಂಪಿಯರ್ ವಿದ್ಯುತ್ತನ್ನು ಬಳಸುತ್ತದೆಂದು ಇಟ್ಟುಕೊಳ್ಳೋಣ. 24 ಗಂಟೆಗೆ ಅದು 0.48 ಆಂಪಿಯರ್-ಗಂಟೆಯಾಯಿತು. ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದಾದರೆ, ಓಡಿಸದೆ ನಿಲ್ಲಿಸಿದ ಕಾರಿನ ಬ್ಯಾಟರಿಯು ಸುಮಾರು 36 ದಿನಗಳಲ್ಲಿ ಅರ್ಧ ಬರಿದಾಗುತ್ತದೆ. ಹಳೆಯ ಬ್ಯಾಟರಿ ಇನ್ನೂ ಬೇಗ ಸೋಲುತ್ತದೆ. ಬ್ಯಾಟರಿ ಸತ್ತ ದಿನ ರಿಮೋಟು ಕೆಲಸಕ್ಕೆ ಬಾರದು. ಹಳೆಯ ಬೀಗದಕೈಯನ್ನು ಮೂಲೆಗೆಸೆಯದೆ ಜೋಪಾನವಾಗಿಟ್ಟುಕೊಳ್ಳಿ. ಆಗಾಗ್ಗೆ ಬೀಗದಲ್ಲಿ ತಿರುಗಿಸಿ ನೋಡುತ್ತಿರಿ. ಹೊಸ ತಂತಿಗೆ ತಕ್ಕ ಫ್ಯೂಸು ಇದೆಯೇ, ಬಾಗಿಲಿನ ಸಂದಿನಲ್ಲಿ ಅದು ರಬ್ಬರು ಕೊಳವೆಯೊಳಗೆ ಹೋಗಿದೆಯೇ ಎಂದು ಜೋಡಣೆಯ ದಿನವೇ ನೋಡಿಕೊಳ್ಳಬೇಕು. ಬರಿಯ ತಂತಿಯು ತಗಡಿಗೆ ಉಜ್ಜಿ ಸವೆದರೆ ಬೆಂಕಿಯ ಭಯವುಂಟು.

ಇಷ್ಟು ಹೊತ್ತು ವಸ್ತುವಿನ ರಕ್ಷಣೆಯ ಮಾತಾಯಿತು. ಇನ್ನು ನಾನು ಹೇಳಲಿರುವುದನ್ನು ಪೋಷಕರು ಮನಸ್ಸಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ. 2025ರ ಮೇ ತಿಂಗಳಿನಲ್ಲಿ ನಮ್ಮದೇ ರಾಜ್ಯದ ವಿಜಯನಗರಂ ಜಿಲ್ಲೆಯ ದ್ವಾರಪೂಡಿ ಗ್ರಾಮದಲ್ಲಿ ಆಟವಾಡಲು ಹೋದ ನಾಲ್ವರು ಮಕ್ಕಳು ನಿಂತಿದ್ದ ಕಾರೊಂದರೊಳಗೆ ಹೊಕ್ಕರು. ಬಾಗಿಲುಗಳು ಮುಚ್ಚಿಕೊಂಡವು, ಮಕ್ಕಳಿಗೆ ತೆರೆಯಲಾಗಲಿಲ್ಲ. ನಾಲ್ವರೂ ಅಲ್ಲಿಯೇ ಪ್ರಾಣಬಿಟ್ಟರು. ಕಳ್ಳನು ಒಳಗೆ ಬಾರದಿರಲೆಂದು ಮಾಡಿದ ಬಾಗಿಲು ಮಕ್ಕಳು ಹೊರಗೆ ಬಾರದಂತೆ ಮಾಡಿತು.

ಬಿಸಿಲಿನಲ್ಲಿ ಮುಚ್ಚಿದ ಕಾರು ಒಲೆಯಂತಾಗುತ್ತದೆ. ಸೂರ್ಯನ ಬೆಳಕು ಗಾಜಿನ ಮೂಲಕ ಒಳಹೊಕ್ಕು ಆಸನಗಳನ್ನು ಕಾಯಿಸುತ್ತದೆ. ಕಾದ ಗಾಳಿ ಹೊರಹೋಗಲು ದಾರಿಯಿಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಪರೀಕ್ಷೆಯಂತೆ, ಒಂದು ಗಂಟೆಯೊಳಗೆ ಕಾರಿನ ಒಳಗಣ ಶಾಖವು ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಏರಿತ್ತು. ಕಿಟಕಿಯನ್ನು ತುಸುವೇ ತೆರೆದಿಟ್ಟುದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ನಮ್ಮ ಸೀಮೆಯ ಬೇಸಗೆಯಲ್ಲಿ ಹೊರಗೇ 40 ಡಿಗ್ರಿ ಇದ್ದಾಗ ಒಳಗೆ ಎಷ್ಟಾದೀತೆಂಬುದನ್ನು ನೀವೇ ಊಹಿಸಿರಿ. ಎಳೆಯ ಮಕ್ಕಳ ಮೈ ದೊಡ್ಡವರ ಮೈಗಿಂತ ಬಹುಬೇಗ ಕಾಯುತ್ತದೆ.

ಸರಕಾರವು 2019ರ ಜುಲೈ 1ರಿಂದ ಹೊಸ ಕಾರುಗಳ ಸೆಂಟ್ರಲ್ ಲಾಕನ್ನು ಒಳಗಿನಿಂದ ಕೈಯಿಂದಲೇ ಬಿಡಿಸುವಂತಿರಬೇಕೆಂದು ವಿಧಿಸಿದೆ. ಆದರೆ ಹಳೆಯ ಕಾರಿಗೆ ನಾವು ಹೊರಗೆ ಜೋಡಿಸಿಕೊಂಡ ಸಾಧನಕ್ಕೆ ನಾವೇ ಪರೀಕ್ಷಕರು. ಕೆಲಸ ಮುಗಿದ ಮೇಲೆ ರಿಮೋಟಿನಿಂದ ಬೀಗ ಹಾಕಿ, ಒಳಗೆ ಕುಳಿತು, ನಾಲ್ಕು ಬಾಗಿಲುಗಳ ಗುಂಡಿಗಳನ್ನೂ ಕೈಯಿಂದ ಎತ್ತಿ ನೋಡಿ. ಒಂದೇ ಒಂದು ಗುಂಡಿ ಬಿಗಿಯಾಗಿದ್ದರೂ ಅದನ್ನು ಸರಿಪಡಿಸುವವರೆಗೆ ಹಣ ಕೊಡಬೇಡಿ. ಹಿಂದಿನ ಬಾಗಿಲಿನ ಅಂಚಿನಲ್ಲಿ ಚೈಲ್ಡ್ ಲಾಕ್ ಎಂಬ ಚಿಕ್ಕ ಸನ್ನೆಯಿದ್ದರೆ, ಅದು ಬಿದ್ದಾಗ ಒಳಗಣ ಹಿಡಿಕೆ ತೆರೆಯದೆಂಬುದನ್ನು ತಿಳಿದಿರಿ. ಕಾರು ಮನೆಯ ಮುಂದೆ ನಿಂತಿದ್ದರೂ ಬೀಗ ಹಾಕಿಯೇ ಇರಬೇಕು. ಹಾಕುವ ಮೊದಲು ಹಿಂದಿನ ಆಸನವನ್ನು ಕಣ್ಣಾರೆ ನೋಡಬೇಕು. ರಿಮೋಟು ಮಕ್ಕಳ ಆಟಿಕೆಯಾಗಬಾರದು.

ಮಕ್ಕಳೇ, ನಿಂತ ಕಾರು ಆಟದ ಮನೆಯಲ್ಲ. ಎಂದಾದರೂ ಒಳಗೆ ಸಿಕ್ಕಿಬಿದ್ದರೆ ಅಳುತ್ತ ಕೂರದೆ ಮುಂದಿನ ಆಸನಕ್ಕೆ ದಾಟಿ ಬಾಗಿಲಿನ ಗುಂಡಿಯೆತ್ತಿ ಹಿಡಿಕೆ ಎಳೆಯಿರಿ. ಹಾರನ್ನನ್ನು ಬಿಡದೆ ಒತ್ತಿರಿ. ಹೆಚ್ಚಿನ ಕಾರುಗಳಲ್ಲಿ ಬೀಗದಕೈ ಇಲ್ಲದೆಯೂ ಅದು ಕೂಗುತ್ತದೆ. ಮುಚ್ಚಿದ ಕಾರಿನೊಳಗೆ ಮಗುವನ್ನು ಕಂಡ ದೊಡ್ಡವರು ಒಡೆಯನನ್ನು ಹುಡುಕುತ್ತ ಹೊತ್ತು ಕಳೆಯಬಾರದು. 112ಕ್ಕೆ ಫೋನು ಮಾಡಿಸಿ, ಮಗುವಿಗೆ ದೂರವಾದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಬೇಕು. ಗಾಜು ಮತ್ತೆ ದೊರೆಯುತ್ತದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಬಾಗಿಲು ಹಾಕುವುದರಲ್ಲಿ ಎಷ್ಟು ಎಚ್ಚರ ಬೇಕೋ, ಹಾಕಿದ ಬಾಗಿಲು ಬೇಕಾದಾಗ ತೆರೆಯುವಂತೆ ನೋಡಿಕೊಳ್ಳುವುದರಲ್ಲಿಯೂ ಅಷ್ಟೇ ಎಚ್ಚರ ಬೇಕು. ಬೀಗವು ವಸ್ತುವನ್ನು ಕಾಯುತ್ತದೆ. ಬೀಗವನ್ನು ಕಾಯತಕ್ಕುದು ಮನುಷ್ಯನ ತಿಳಿವಳಿಕೆ. ಆ ತಿಳಿವಳಿಕೆಯನ್ನು ಮಕ್ಕಳಿಗೆ ಕೊಡುವುದು ಶಾಲೆಯ ಕೆಲಸವೂ ಹೌದು, ಮನೆಯ ಕೆಲಸವೂ ಹೌದು. ಇಂದು ಮನೆಗೆ ಹೋದೊಡನೆ ಕಾರುಳ್ಳವರು ಅದರ ನಾಲ್ಕು ಗುಂಡಿಗಳನ್ನು ಒಳಗಿನಿಂದ ಎತ್ತಿ ನೋಡುವಿರಾದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.