ಭಜನೆಯಲ್ಲಿ ಕಿವಿಯೇ ಗುರು

(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ದೇವಸ್ಥಾನದ ಧರ್ಮದರ್ಶಿಯೊಬ್ಬರು ಮಾಡಿದ ಭಾಷಣ)



ನಾನು ಕಿರಾಣಿ ಅಂಗಡಿಯವನು, ಎಸ್.ಎಸ್.ಎಲ್.ಸಿ.ಯವರೆಗೆ ಓದಿದವನು. ಸಂಗೀತ ಶಾಸ್ತ್ರ ಬಲ್ಲವನಲ್ಲ. ಮೂವತ್ತು ವರ್ಷ ಭಜನಾ ಮಂಡಳಿಯಲ್ಲಿ ತಾಳ ಹಿಡಿದು ಕಂಡದ್ದನ್ನು ಹೇಳುತ್ತೇನೆ.

ಪಾಶ್ಚಾತ್ಯರ ದೊಡ್ಡ ವಾದ್ಯಮೇಳದಲ್ಲಿ ಒಬ್ಬರು ಎದುರಿಗೆ ನಿಂತು ಕೋಲು ಆಡಿಸಿ ಎಲ್ಲರನ್ನೂ ನಡೆಸುತ್ತಾರೆ. ನಾಲ್ಕೇ ಜನ ತಂತಿವಾದ್ಯ ಹಿಡಿದು ಕುಳಿತರೆ ಅಲ್ಲಿಯೂ ಕೋಲಿನವರಿಲ್ಲ. ಒಬ್ಬರು ಉಸಿರೆಳೆದು ಕಮಾನು ಎತ್ತುವುದನ್ನು ಕಂಡು ಉಳಿದವರು ಕೂಡುತ್ತಾರೆ. ನಮ್ಮ ಭಜನೆಯೂ ಹೀಗೆಯೇ.

ತೀನ್ ತಾಲಕ್ಕೆ 16 ಮಾತ್ರೆ. 1ನೆಯದು ಸಮ್, 9ನೆಯದು ಖಾಲಿ. ಖಾಲಿಯ ಭಾಗದಲ್ಲಿ ಡಗ್ಗಾದ ತುಂಬುದನಿ ಸ್ವಲ್ಪ ಮರೆಯಾಗುತ್ತದೆ. ಹಾಡುವವರಿಗೆ ಸಮ್ ಹತ್ತಿರ ಬಂತೆಂದು ತಿಳಿಯುತ್ತದೆ. ಅವರು ಹಾಡಿನ ಮೊದಲ ತುಣುಕು ಎತ್ತಿಕೊಂಡರೆ ತಬಲಾದವರಿಗೆ ಅದೇ ಸೂಚನೆ. ಒಂದೇ ಬೋಲನ್ನು ಮೂರು ಸಲ ನುಡಿಸಿ ಸಮ್‌ಗೆ ಬಂದು ನಿಲ್ಲುವುದು ತಿಹಾಯಿ. ಎರಡನೆಯ ಸಲಕ್ಕೇ ಮುಗಿಯುವ ಜಾಗ ಎಲ್ಲರಿಗೂ ಗೊತ್ತಾಗುತ್ತದೆ.

ಇದೆಲ್ಲ ಕಣ್ಸನ್ನೆಯಿಂದಲೇ ನಡೆಯುತ್ತದೆಂದು ತಿಳಿಯಬಾರದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಅವರಲ್ಲಿ ಎಷ್ಟೋ ಅಂಧ ಮಕ್ಕಳು ಗಾಯನ, ತಬಲಾ, ಹಾರ್ಮೋನಿಯಂ ಕಲಿತು ಒಟ್ಟಿಗೆ ಕುಳಿತು ನುಡಿಸಿದರು. ಅವರಿಗೆ ಕಣ್ಸನ್ನೆ ಎಲ್ಲಿಂದ ಬರಬೇಕು? ಕಿವಿಯೇ ಅವರ ಕಣ್ಣು.

ಇದನ್ನು ಮರೆತವನು ನಾನು. ಕೆಲವು ವರ್ಷಗಳ ಹಿಂದೆ ಶಿವರಾತ್ರಿ ಜಾಗರಣೆಗೆ ದೊಡ್ಡ ವೇದಿಕೆ, ದೊಡ್ಡ ಧ್ವನಿವರ್ಧಕ ಬೇಕೆಂದು ಹಟ ಹಿಡಿದೆ. ನೋಡಲು ಚೆಂದವೆಂದು ತಬಲಾ ಒಂದು ತುದಿಗೆ, ಪೇಟಿ ಇನ್ನೊಂದು ತುದಿಗೆ ಇಡಿಸಿದೆ. ದನಿಯೆಲ್ಲ ಜನರ ಕಡೆಗೆ ಹೋಗಿ, ಎದುರು ಗೋಡೆಗೆ ಬಡಿದು, ನಮಗೆ ತಡವಾಗಿ ಕೇಳುತ್ತಿತ್ತು. ನಾನು ತಾಳ ಜೋರು ಮಾಡಿದೆ, ಓಟ ಹೆಚ್ಚಾಯಿತು, ಭಜನೆ ನಡುವೆಯೇ ನಿಂತಿತು. "ಪೇಟಿ ಅಜ್ಜನಿಗೆ ವಯಸ್ಸಾಯಿತು, ಕಿವಿ ಕೇಳಿಸುವುದಿಲ್ಲ" ಎಂದು ಜನ ನಕ್ಕರು. ನಾನು ಸುಮ್ಮನಿದ್ದೆ. ಅಜ್ಜನವರು ಅಂದಿನಿಂದ ಪೇಟಿ ಮುಟ್ಟಲಿಲ್ಲ.

ಮುಂದೆ ಒಂದು ಶ್ರಾವಣ ಸೋಮವಾರ ಕರೆಂಟು ಹೋಯಿತು. ದೀಪದ ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹಾಡಿದೆವು. ಪೇಟಿಯ ಜಾಗ ಖಾಲಿಯಿತ್ತು. ಆದರೆ ತಾಳ ಒಮ್ಮೆಯೂ ತಪ್ಪಲಿಲ್ಲ. ಕೆಟ್ಟದ್ದು ಅಜ್ಜನವರ ಕಿವಿಯಲ್ಲ, ನಾನು ಹಾಕಿಸಿದ ವ್ಯವಸ್ಥೆ ಎಂದು ಆಗ ತಿಳಿಯಿತು. ಮನೆಗೆ ಹೋಗಿ ಕಾಲು ಮುಟ್ಟಿದೆ. "ತಮ್ಮಾ, ನೀ ತಾಳ ಸಣ್ಣಗ ಹಿಡಿ, ನಾ ಬರ್ತೀನಿ" ಅಂದರು.

ಅಪವಾದ ಬಂದದ್ದು ನಾಲ್ಕು ಜನರ ನಡುವೆ. ಆದ್ದರಿಂದ ತಪ್ಪು ನನ್ನದೆಂದು ನಾಲ್ಕು ಜನರ ನಡುವೆಯೇ ಹೇಳುತ್ತಿದ್ದೇನೆ.

ಈ ವರ್ಷ ಮಂಡಳಿಯವರು ಹತ್ತಿರ ಹತ್ತಿರ, ಅರ್ಧಚಂದ್ರಾಕಾರದಲ್ಲಿ ಕೂಡುತ್ತಾರೆ. ಒಂದು ಧ್ವನಿವರ್ಧಕ ಅವರ ಕಡೆಗೂ ಇರುತ್ತದೆ. ಪೇಟಿಗೆ ಅಜ್ಜನವರೇ ಕೂಡುತ್ತಾರೆ. ಭಕ್ತರು ತಾಳ ಹಾಕುವಾಗ ತಬಲಾ ಕೇಳುವಷ್ಟು ಮೆಲ್ಲಗೆ ಹಾಕಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.