ಎಕ್ಸ್ ಬರುವ ಮೊದಲೇ ಬೀಜಗಣಿತ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪ್ರೌಢಶಾಲೆಗೆ ಬರುವ ಅನೇಕ ಮಕ್ಕಳಿಗೆ ಗಣಿತದ ಭಯ ಶುರುವಾಗುವುದು ಎಕ್ಸ್ ಎಂಬ ಅಕ್ಷರದಿಂದ. ಸಂತೆಯಲ್ಲಿ ತಪ್ಪಿಲ್ಲದೆ ಚಿಲ್ಲರೆ ಲೆಕ್ಕ ಹಾಕುವ ಹುಡುಗಿಯೂ ಅಲ್ಲಿ ತಡವರಿಸುತ್ತಾಳೆ. ಆ ಭಯ ಉಳಿದರೆ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನವೇ ಬೇಡ ಎನ್ನುತ್ತಾಳೆ. ಇದನ್ನು ತಪ್ಪಿಸಲು ಬೀಜಗಣಿತದ ಬೀಜವನ್ನು ಮೂರು-ನಾಲ್ಕನೇ ತರಗತಿಯಲ್ಲೇ ಬಿತ್ತಬಹುದು. ಅದಕ್ಕೆ ಅಕ್ಷರ ಬೇಡ; ಬದಲಾವಣೆಯನ್ನು ಗಮನಿಸುವ ಕಣ್ಣು ಸಾಕು.

ಒಂದು ಚೌಕ ಮೇಜಿನ ಸುತ್ತ ಬದಿಗೊಬ್ಬರಂತೆ 4 ಮಕ್ಕಳು ಕೂರಬಹುದು. ಅಂಥ ಎರಡು ಮೇಜು ಜೋಡಿಸಿದರೆ 6, ಮೂರನ್ನು ಸಾಲಾಗಿ ಜೋಡಿಸಿದರೆ 8. ತರಗತಿಯಲ್ಲಿ ಮೇಜಿಗೆ ರಟ್ಟಿನ ತುಂಡು, ಮಕ್ಕಳಿಗೆ ಹುಣಸೆಬೀಜ ಇಟ್ಟರಾಯಿತು. "ಪ್ರತಿ ಸಲ ಎರಡು ಹೆಚ್ಚುತ್ತದೆ" ಎಂದು ಮಕ್ಕಳು ಬೇಗ ಹೇಳುತ್ತಾರೆ. ಅಲ್ಲಿಗೇ ನಿಲ್ಲಿಸಬಾರದು. 10 ಮೇಜಿಗೆ 22 ಆದರೆ 20 ಮೇಜಿಗೆ ಎಷ್ಟು? ದುಪ್ಪಟ್ಟು ಮಾಡಿ 44 ಎನ್ನುವವರಿರುತ್ತಾರೆ. ಸರಿಯುತ್ತರ 42. ಹಾಗಾದರೆ ಆ ಇಬ್ಬರು ಎಲ್ಲಿ ಹೋದರು? ಹತ್ತು ಹತ್ತು ಮೇಜಿನ ಎರಡು ಸಾಲುಗಳನ್ನು ಕೂಡಿಸುವಾಗ, ಸೇರುವ ತುದಿಗಳಲ್ಲಿ ಕೂತಿದ್ದ ಇಬ್ಬರು ಏಳಲೇಬೇಕು!

ಇದನ್ನು ಕಂಡ ಮಗು ನಿಯಮವನ್ನೂ ಹೇಳಬಲ್ಲದು: "ಮೇಜಿಗೆ ಇಬ್ಬರಂತೆ, ತುದಿಗಳಲ್ಲಿ ಇನ್ನಿಬ್ಬರು." ಇನ್ನೊಂದು ಮಗು, "ತುದಿಯ ಎರಡು ಮೇಜಿಗೆ ಮೂವರಂತೆ, ನಡುವಿನವಕ್ಕೆ ಇಬ್ಬರಂತೆ" ಎನ್ನಬಹುದು. 20 ಮೇಜಿಗೆ ಮೊದಲಿನ ಲೆಕ್ಕ 40+2, ಎರಡನೆಯದು 6+36. ಎರಡೂ 42. ಮೇಜು ಎಷ್ಟು ಹೆಚ್ಚಿಸಿದರೂ ಎರಡೂ ಲೆಕ್ಕ ಒಂದೇ ಆಗುವುದೇಕೆ? ಮಕ್ಕಳು ಇದನ್ನು ಚರ್ಚಿಸತೊಡಗಿದರೆ ಬೀಜಗಣಿತ ಆರಂಭವಾಯಿತೆಂದೇ ತಿಳಿಯಿರಿ.

ಅಂಗಳದ ರಂಗೋಲಿಯಲ್ಲಿ ಬೇರೊಂದು ಬಗೆಯ ಬದಲಾವಣೆ ಕಾಣುತ್ತದೆ. 1-2-1 ಚುಕ್ಕಿ ಇಟ್ಟರೆ ಒಟ್ಟು 4. 1-2-3-2-1 ಇಟ್ಟರೆ 9. ನಾಲ್ಕರವರೆಗೆ ಏರಿ ಇಳಿದರೆ 16. ಇಲ್ಲಿ ಹೆಚ್ಚಳವೇ 5, 7 ಎಂದು ಬೆಳೆಯುತ್ತದೆ. ಎಲ್ಲವೂ ಒಂದೇ ರೀತಿ ಬೆಳೆಯುವುದಿಲ್ಲ ಎಂಬುದು ದೊಡ್ಡ ಪಾಠ.

ನಿಯಮ ಮಗುವಿನ ಬಾಯಲ್ಲಿ ಬಂದ ಮೇಲೆ ಬರೆಯಲು ಒಂದು ಖಾಲಿ ಚೌಕ ಸಾಕು. ಅಕ್ಷರ ಆಮೇಲೆ ಬರಲಿ. ಭಾಸ್ಕರಾಚಾರ್ಯರು 12ನೇ ಶತಮಾನದ 'ಬೀಜಗಣಿತ' ಗ್ರಂಥದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು 'ಯಾವತ್-ತಾವತ್', ಅಂದರೆ 'ಎಷ್ಟೋ ಅಷ್ಟು', ಎಂದು ಕರೆದರು. ಒಂದಕ್ಕಿಂತ ಹೆಚ್ಚಿದ್ದರೆ ಕಪ್ಪು, ನೀಲಿ, ಹಳದಿ ಎಂದು ಬಣ್ಣಗಳ ಹೆಸರಿಟ್ಟರು. ನಮ್ಮ ಮಕ್ಕಳೂ "ಮೇಜು ಎಷ್ಟೋ ಅದರ ಎರಡರಷ್ಟು, ಮತ್ತೆ ಎರಡು" ಎನ್ನಲಿ.

ಸಾಫ್ಟ್‌ವೇರ್ ಕೆಲಸದಲ್ಲಿ ನಾನು ದಿನವೂ ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ: ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು?

ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ವಾರಕ್ಕೆ ಒಂದು ದಿನ ಹತ್ತು ನಿಮಿಷ ಇದಕ್ಕೆ ಕೊಡಿ. "ಮುಂದಿನದು ಎಷ್ಟು?" ಎಂದು ಕೇಳಿದ ಮೇಲೆ "ನೂರನೆಯದು ಎಷ್ಟು? ಹೇಗೆ ಗೊತ್ತಾಯಿತು?" ಎಂದೂ ಕೇಳಿ. ಆ ಮಕ್ಕಳು ಮುಂದೆ ಈ ಶಾಲೆಗೆ ಬಂದಾಗ ಎಕ್ಸ್ ಅವರಿಗೆ ಹಳೆಯ ಪರಿಚಯದಂತೆ ಕಂಡೀತು.